ಕೆರಿಯಪ್ಪ ತೋಡಿದ ಅಗಳ

ಕೆರಿಯಪ್ಪನ ಬಗ್ಗೆ ಬರೆಯುವ ಮುಖ ನನಗಿಲ್ಲ. ಆದರೆ ಹನ್ನೆರಡು ವರ್ಷದಿಂದ ಶಿರಸಿಯ ವಾರಪತ್ರಿಕೆಯೊಂದರಲ್ಲಿ ಸರ್ಕಾರದ ಮೇಲೆ, ಪುಕ್ಕಟೆ ಯೋಜನೆಗಳ ಮೇಲೆ, ಹಾಳಾಗಿ ಹೋದ ಶಿಸ್ತಿನ ಮೇಲೆ ಬರೆದು ಬರೆದು ಕೈಗೆ ತೀಟೆ ಹತ್ತಿದೆ. ಈ ವಾರ ಅವನ ಬಗ್ಗೆ ಬರೆಯದಿದ್ದರೆ ಇನ್ನು ಯಾರ ಬಗ್ಗೆಯೂ ಬರೆಯುವ ಹಾಗಿಲ್ಲ.

ಕಾನಸೂರಿನ ಹತ್ತಿರ ನಮ್ಮ ತೋಟ. ಅದರ ಮೇಲೆ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರಲೆಂದು ಬಿಟ್ಟುಕೊಟ್ಟ ಸರ್ಕಾರಿ ಕಾಡು. ಬೆಟ್ಟದ ಅಂಚಿಗೆ ಕೆರಿಯಪ್ಪನ ಮನೆ. ಹಂದಿ, ಮಂಗ ಕಾಯಲಿಕ್ಕೆ ಅವನ ಅಜ್ಜನನ್ನು ಅಲ್ಲಿ ಕೂರಿಸಿದವನು ನನ್ನಜ್ಜನೇ. ಅವನ ಅಜ್ಜಿ ಸುಟ್ಟುಕೊಟ್ಟ ಗೆಣಸು ತಿಂದು ಬೆಳೆದವನು ನಾನು. ಕೆರಿಯಪ್ಪನಿಗೆ ಓದು ಬರುವುದಿಲ್ಲ. ನನ್ನ ಅಂಕಣ ಬಂದ ದಿನ ತಪ್ಪದೆ ನಮ್ಮ ಜಗಲಿಗೆ ಬಂದು ಕೂತು, "ಓದಿ ಹೆಗ್ಡೇರೆ, ಈ ಸಲ ಯಾರಿಗೆ ಬಡದ್ರಿ?" ಎನ್ನುತ್ತಾನೆ.

ಕಳೆದ ಚಳಿಗಾಲದಲ್ಲಿ ಬಡಿದದ್ದು ಅರಣ್ಯ ಅತಿಕ್ರಮಣದಾರರಿಗೆ. ವೋಟಿಗಾಗಿ ಕಾಡು ಹಂಚುವುದು ನಿಲ್ಲಲಿ, ಕಾನೂನು ಅಂದರೆ ಕಾನೂನು ಎಂದು ಝಾಡಿಸಿದೆ. ಭಲೇ ಭಲೇ ಎಂದು ಎಷ್ಟು ಫೋನು! ಕೆರಿಯಪ್ಪನಿಗೂ ಗಟ್ಟಿಯಾಗಿ ಓದಿ ಹೇಳಿದೆ. ಅವನು ಎಂದಿನಂತೆ ತಲೆದೂಗಿ, ಆಮೇಲೆ ಮೆಲ್ಲಗೆ ಹೇಳಿದ, "ಮನೆ ಜಾಗಕ್ಕೆ ನಾನೂ ಅರ್ಜಿ ಹಾಕೀನಿ. ಮೂರು ತಲೆಮಾರಿಂದ ಅಲ್ಲೇ ಇದ್ದೇವೆ ಅನ್ನೋಕೆ ಕಾಗದ ಇಲ್ಲ. ಊರಿನ ಹಿರಿಯರು ಒಬ್ರು ಹೇಳಿದ್ರೂ ಆಗ್ತದಂತೆ. ನೀವೊಂದು ಮಾತು ಹೇಳ್ಬೇಕು."

"ಅದಕ್ಕೆಂತದು, ಹೇಳ್ತೇನೆ" ಎಂದೆ.

ಅರ್ಜಿಗಳ ವಿಚಾರಣೆಗೆ ಶಾಲೆಯಲ್ಲಿ ಸಭೆ. ನನ್ನ ಹೆಸರು ಕರೆದರು, ಎದ್ದು ನಿಂತೆ. ಹಿಂದಿನ ಬೆಂಚಿನಿಂದ ನನ್ನ ಓದುಗನೊಬ್ಬ, "ಕಾನೂನು ಅಂದ್ರೆ ಕಾನೂನು, ಅಲ್ದ ನಾಗಪತಣ್ಣ?" ಎಂದು ಕಿಚಾಯಿಸಿದ. ನಾಲ್ಕು ಜನ ನಕ್ಕರು. ಅಷ್ಟೇ ಸಾಕಾಯ್ತು ನನಗೆ. "ಅಷ್ಟು ಸರಿಯಾಗಿ ನೆನಪಿಲ್ಲ" ಎಂದು ಕೂತುಬಿಟ್ಟೆ. ಥೂ! ಆ ಗೆಣಸಿನ ರುಚಿ ಇವತ್ತಿಗೂ ನೆನಪಿದೆ ನನಗೆ.

ಆ ವಾರವೇ ಅರಣ್ಯ ಇಲಾಖೆಯವರು ಅಳತೆಗೆ ಬಂದರು. ಕೆರಿಯಪ್ಪನ ಅಂಗಳ ಅಳೆದವರು ನಮ್ಮ ಬೆಟ್ಟದ ಅಗಳದ ಎದುರು ನಿಂತರು. ಅಗಳ ಎಂದರೆ ಗಡಿಗೆ ತೋಡುವ ಕಂದಕ. "ಇದು ಹೊಸದು ಕಾಣ್ತದಲ್ಲ?" ಎಂದ ಅಧಿಕಾರಿ. ಹೊಸದೇ. ಎಂಟು ವರ್ಷದ ಹಿಂದೆ ಹಳೇ ಅಗಳ ಮುಚ್ಚಿಸಿ, ಇಪ್ಪತ್ತು ಮಾರು ಕಾಡಿನೊಳಗೆ ಸರಿಸಿ ತೋಡಿಸಿದವನು ನಾನು. ತೋಡಿದವನು ಕೆರಿಯಪ್ಪ. ಅಕ್ಕಪಕ್ಕದವರೂ ಸರಿಸಿಕೊಂಡಿದ್ದರು. ನಾವು ಅದಕ್ಕೆ ಬೆಟ್ಟ ಸರಿಮಾಡಿಕೊಂಡಿದ್ದು ಅಂತೀವಿ. ಅತಿಕ್ರಮಣ ಎಂಬ ಶಬ್ದ ಅದಕ್ಕೂ ಹೊಂದುತ್ತದೆಂದು ನನಗೆ ಹೊಳೆದೇ ಇರಲಿಲ್ಲ.

ನಾನು ಬಾಯಿ ತೆರೆಯುವ ಮೊದಲೇ ಕೆರಿಯಪ್ಪ ಮುಂದೆ ಬಂದ. "ಇದು ನಮ್ಮಜ್ಜ ತೋಡಿದ್ದು ಸಾಹೇಬ್ರೆ. ನಾ ವರ್ಷಾ ವರ್ಷಾ ಮಣ್ಣು ಎತ್ತತೀನಿ, ಅದ್ಕೇ ಹೊಸದು ಕಾಣ್ತದೆ" ಎಂದ.

ಮನೆಗೆ ಬಂದು ಹೆಂಡತಿ ಮಹೇಶ್ವರಿಗೆ ಹೇಳಿದರೆ, "ಅವಂಗೆ ಇಪ್ಪ ಮರ್ಯಾದೆ ನಿಮಗಿಲ್ಲೆ" ಎಂದು ಚಾ ಲೋಟ ಕುಕ್ಕಿ ಒಳಗೆ ಹೋದಳು.

ಮೊನ್ನೆ ಕೆರಿಯಪ್ಪ ಒಂದು ಕಾಗದ ಹಿಡಿದು ಬಂದ. "ಓದಿ ಹೆಗ್ಡೇರೆ." ಊರಿನ ಹಿರಿಯರು ದೃಢಪಡಿಸದ ಕಾರಣ ಅರ್ಜಿ ತಿರಸ್ಕರಿಸಲಾಗಿದೆ ಎಂದಿತ್ತು. ಓದಿದೆ.

"ಗಟ್ಟಿ ಓದಿ, ಕೇಳಲಿಲ್ಲ" ಎಂದ. ಮತ್ತೆ ಓದಿದೆ.

ಅವನು ಕಾಗದ ಮಡಚಿ ಕಿಸೆಗಿಟ್ಟುಕೊಂಡ. ಬೈಯಲಿಲ್ಲ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. "ಮೇಲ್ಮನವಿ ಹಾಕುವಾ. ನಾನೇ ಬರೆದು ಸಹಿ ಮಾಡಿ ಕೊಡ್ತೇನೆ. ಅಗಳದ್ದನ್ನೂ ಪೇಪರಿನಲ್ಲೇ ಬರೀತೇನೆ" ಎಂದೆ.

"ಅಗಳದ್ದು ಬ್ಯಾಡ" ಎಂದ. "ನಿಮ್ಮ ಹೆಸರು ಹಾಳಾಗ್ತದೆ."

ಕಾನೂನು ಅಂದರೆ ಕಾನೂನು, ಇವತ್ತೂ ಅದನ್ನೇ ಹೇಳುತ್ತೇನೆ. ಹೇಳಿಕೆ ಬರೆದುಕೊಟ್ಟು ಬಂದಿದ್ದೇನೆ. ಅವನು ಬೇಡವೆಂದದ್ದನ್ನೂ ಇಲ್ಲಿ ಬರೆದಿದ್ದೇನೆ. ಪತ್ರಿಕೆ ಬಂದ ದಿನ ಅವನು ಜಗಲಿಗೆ ಬಂದು ಕೂತು, ಈ ಸಲ ಯಾರಿಗೆ ಬಡದ್ರಿ ಎಂದು ಕೇಳುತ್ತಾನೆ. ಗಟ್ಟಿಯಾಗಿಯೇ ಓದಬೇಕು.