ಮೊದಲು ಬೇರೆಯಾದ ಮನೆ

ಬೇಸಿಗೆ ಬಂತೆಂದರೆ ನಮ್ಮ ಮೇಡಂ ಅವರ ಬೆರಳ ಸಂದಿಗಳಲ್ಲಿ ಕೆಂಪು ಗುಳ್ಳೆಗಳು ಏಳುತ್ತಿದ್ದವು. ಪಾಠ ಮಾಡುತ್ತಲೇ ಸೀಮೆಸುಣ್ಣದ ತುದಿಯಿಂದ ಕೆರೆದುಕೊಳ್ಳುತ್ತಿದ್ದರು. ತರಗತಿ ಮುಗಿಯುವಷ್ಟರಲ್ಲಿ ಕೈಯೆಲ್ಲ ಬೆಳ್ಳಗೆ. ಮದಗದ ಕೆರೆಯಲ್ಲಿ ಕಲ್ಲಿಗೆ ಹತ್ತಿ ಬೆಳೆಯುವ ಸ್ಪಂಜನ್ನು ಬರಿಗೈಯಿಂದ ಬಿಡಿಸುತ್ತಿದ್ದುದರ ಫಲ ಅದು. ಸ್ಪಂಜಿನ ಮೈತುಂಬ ಕಣ್ಣಿಗೆ ಕಾಣದಷ್ಟು ಸಣ್ಣ ಗಾಜಿನ ಸೂಜಿಗಳಿರುತ್ತವೆ. ಕೈಗವಸು ಹಾಕಿಕೊಳ್ಳಿರಿ ಅಂದರೆ, ಮತ್ತೆ ಅದು ಮೆತ್ತಗಿದೆಯೋ ಬಿರುಸಾಗಿದೆಯೋ ನನಗೆ ಯಾರು ಹೇಳಬೇಕು ಅನ್ನುತ್ತಿದ್ದರು.

ಮೇಡಂ ಸವಣೂರಿನವರು. ಮನೆಯಲ್ಲಿ ತಲೆಮಾರುಗಳಿಂದ ಸಂಸ್ಕೃತ ಓದಿದವರು; ಇವರು ಪ್ರಾಣಿಶಾಸ್ತ್ರ ಹಿಡಿದರು. ನಾನು ಓದಿದ ಡಿಗ್ರಿ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿ. ಎಷ್ಟೋ ವರ್ಷ ಕಲಿಸಿದರೂ ಅತಿಥಿಯೇ. ವರ್ಷ ವರ್ಷ ಕರೆ ಬಂದರೆ ಕೆಲಸ, ಬರದಿದ್ದರೆ ಮನೆ. ಹೀಗಿದ್ದೂ ಅವರು ಯಾರೆದುರೂ ದನಿ ತಗ್ಗಿಸಿದ್ದನ್ನು ನಾನು ಕಾಣೆ.

ನಾನು ಮಾಸೂರಿನವಳು. ಅಪ್ಪ ಅವ್ವ ಇಬ್ಬರೂ ಮಂದಿಯ ಹೊಲದಲ್ಲಿ ಕೂಲಿ ಮಾಡಿದವರು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ನಾನೇ ಮೊದಲು. ಕನ್ನಡ ಶಾಲೆಯಿಂದ ಹೋದವಳಿಗೆ ಇಂಗ್ಲಿಷ್ ಪುಸ್ತಕ ಗೋಡೆಯಂತೆ ನಿಂತಿತ್ತು. ಮೇಡಂ ಆ ಗೋಡೆಯಲ್ಲಿ ಬಾಗಿಲು ಕೊರೆದರು. ಎಲ್ಲವನ್ನೂ ನಮ್ಮ ಮಾತಿನಲ್ಲೇ ಹೇಳಿ, ಆಮೇಲೆ ಇಂಗ್ಲಿಷ್ ಹೆಸರು ಕಲಿಸುತ್ತಿದ್ದರು.

ಒಂದು ಭಾನುವಾರ ನಮ್ಮನ್ನೆಲ್ಲ ನಮ್ಮೂರ ಹತ್ತಿರದ ಮದಗದ ಕೆರೆಗೆ ಕರೆದುಕೊಂಡು ಹೋದರು. ನೀರು ಇಳಿದು ಏರಿಯ ಕಲ್ಲುಗಳು ಹೊರಬಿದ್ದಿದ್ದವು. ಸೀರೆ ಮೇಲೆತ್ತಿ ಸಿಕ್ಕಿಸಿಕೊಂಡು ಮೊಣಕಾಲುದ್ದ ನೀರಿಗಿಳಿದು, ಕಲ್ಲಿಗೆ ಹತ್ತಿದ ಹಸಿರು ಹಕ್ಕಳೆಯಂಥದ್ದನ್ನು ಬಿಡಿಸಿ ತೋರಿಸಿದರು. ನನ್ನ ಅವ್ವ ಅಲ್ಲೇ ಅರಿವೆ ಒಗೆಯುತ್ತಿದ್ದಳು. ಮೈ ತುರಿಸುವ ಈ ಪಾಚಿಯನ್ನೂ ಕಾಲೇಜಿನಲ್ಲಿ ಓದುತ್ತಾರೇನು ಎಂದು ಅವಳಿಗೆ ನಗು. ಪಾಚಿಯಲ್ಲ, ಪ್ರಾಣಿ ಎಂದರು ಮೇಡಂ. ಇದಕ್ಕೆ ಬಾಯಿಲ್ಲ, ಹೊಟ್ಟೆಯಿಲ್ಲ, ನರವಿಲ್ಲ. ಮೈಮೇಲಿನ ತೂತುಗಳಿಂದ ನೀರು ಎಳೆದುಕೊಂಡು, ಸೋಸಿ ತಿಂದು, ಹೊರಗೆ ಬಿಡುತ್ತದೆ. ಹಾಗಿದ್ದರೂ ನಮಗೂ ಇದಕ್ಕೂ ಸಂಬಂಧವಿದೆ ಎಂದರು.

"ಹಂಗಾರ ಇದು ನಮ್ಮ ಬೀಗರೇನ್ರಿ ಅಕ್ಕಾರ?" ಅಂದಳು ಅವ್ವ.

"ಬೀಗರಲ್ಲವಾ, ದಾಯಾದಿ. ಒಂದ ಮನಿ ಇತ್ತು. ಅದರಾಗಿಂದ ಎಲ್ಲಾರಕಿಂತ ಮೊದಲ ಪಾಲು ತಗೊಂಡು ಬ್ಯಾರೆ ಹೋದವರು ಇವರು. ಮೊದಲ ಬ್ಯಾರೆ ಹೋದವರು ಕೀಳ ಆಗ್ತಾರೇನು? ನಮ್ಮ ಮನಿಯಾಗ ಎಷ್ಟು ವರ್ಷ ಸಂಸಾರ ನಡೀತೋ, ಅವರ ಮನಿಯಾಗೂ ಅಷ್ಟ ವರ್ಷ ನಡದದ."

"ಪಾಲಿನಾಗ ಅವರಿಗೆ ಬರೇ ಕಲ್ಲ ಬಂತೇನ್ರಿ ಮತ್ತ?"

ಮೇಡಂ ನಕ್ಕು ನಕ್ಕು ನೀರಿನಲ್ಲಿ ಜಾರಿದರು. ಕೈಯಲ್ಲಿದ್ದ ಸ್ಪಂಜನ್ನು ಮಾತ್ರ ಬಿಡಲಿಲ್ಲ.

ಅದರ ತುಣುಕನ್ನು ಮರುದಿನ ಪ್ರಯೋಗಾಲಯದಲ್ಲಿ ಆಮ್ಲ ಹಾಕಿ ಕುದಿಸಿದರು. ಮೈಯೆಲ್ಲ ಕರಗಿ ಸೂಜಿಗಳಷ್ಟೇ ಉಳಿದವು. ಹೊರಗಿನ ರೂಪ ನಂಬಬೇಡಿರಿ, ಕಲ್ಲಿನ ಮೇಲೆ ಚಪ್ಪಟೆಯಾಗಿ ಬೆಳೆದದ್ದೇ ಕಡ್ಡಿಯ ಮೇಲೆ ಗಂಟಾಗಿ ಬೆಳೆಯುತ್ತದೆ ಎನ್ನುತ್ತಿದ್ದರು. ಸೂಜಿ ಸುಣ್ಣದ್ದೋ ಗಾಜಿನದೋ, ಎಷ್ಟು ಮೊನೆಯದು, ಅದನ್ನು ನೋಡಿ ವರ್ಗ ಹೇಳಬೇಕು. ನಮ್ಮ ಪುಸ್ತಕದಲ್ಲಿ ಸ್ಪಂಜಿನ ವರ್ಗ ಮೂರೇ ಇದ್ದವು; ಈಗ ನಾಲ್ಕಾಗಿವೆ, ತಿದ್ದಿಕೊಳ್ಳಿರಿ ಎಂದು ತಾವೇ ಬರೆಸಿದರು. ಮೊದಲು ಬೇರೆ ಹೋದದ್ದು ಸ್ಪಂಜೋ, ಮೈಮೇಲೆ ಬಾಚಣಿಗೆಯಂಥ ಸಾಲುಗಳಿರುವ ಒಂದು ಕಡಲಜೀವಿಯೋ ಎಂಬ ವ್ಯಾಜ್ಯ ವಿಜ್ಞಾನಿಗಳಲ್ಲಿ ಇನ್ನೂ ಮುಗಿದಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ.

ಅವರಿಗೆ ಸಿಟ್ಟು ತರಿಸುತ್ತಿದ್ದದ್ದು ಪ್ರಯೋಗಾಲಯದ ಗೋಡೆಯ ಮೇಲಿನ ಪ್ರಾಣಿಗಳ ವಂಶವೃಕ್ಷದ ಪಟ. ಅದರಲ್ಲಿ ಸ್ಪಂಜು ಎಲ್ಲಕ್ಕಿಂತ ಕೆಳಗೆ, ಮನುಷ್ಯ ತುತ್ತತುದಿಗೆ. ಮೇಡಂ ಅದನ್ನು ಅಡ್ಡ ತಿರುಗಿಸಿ ಮೊಳೆ ಹೊಡೆದಿದ್ದರು. ಈಗ ಯಾರೂ ಮೇಲಿಲ್ಲ ಕೆಳಗಿಲ್ಲ, ಎಲ್ಲರೂ ಕೊಂಬೆಯ ತುದಿಗೇ ಇದ್ದಾರೆ ಎನ್ನುತ್ತಿದ್ದರು. ವಿಭಾಗದ ಮುಖ್ಯಸ್ಥರು ನೆಟ್ಟಗೆ ಮಾಡಿಸುವುದು, ಮೇಡಂ ಮತ್ತೆ ಅಡ್ಡ ಮಾಡುವುದು, ಇದು ನಡೆದೇ ಇತ್ತು.

ನಾನು ಕೊನೆಯ ವರ್ಷದಲ್ಲಿದ್ದಾಗ ಕಾಲೇಜು ನೋಡಲು ಹೊರಗಿನ ಸಮಿತಿ ಬಂತು. ಮುಖ್ಯಸ್ಥರು ಪಟ ನೆಟ್ಟಗೆ ಮಾಡಿಸಿ, ಅದರ ಪಕ್ಕ ವಿವರಿಸಲು ನನ್ನನ್ನು ನಿಲ್ಲಿಸಿದರು. ಕೆಳಮಟ್ಟದ ಪ್ರಾಣಿಯಿಂದ ಮೇಲ್ಮಟ್ಟದ ಪ್ರಾಣಿಯವರೆಗೆ ಎಂದು ಶುರು ಮಾಡಬೇಕೆಂದು ಬಾಯಿಪಾಠವನ್ನೂ ಮಾಡಿಸಿದ್ದರು. ಸಮಿತಿಯ ಹಿರಿಯರೊಬ್ಬರು ಕೋಲಿನಿಂದ ತಟ್ಟಿ, ಇದರಲ್ಲಿ ಎಲ್ಲಕ್ಕಿಂತ ಕೆಳಗಿನ ಪ್ರಾಣಿ ಯಾವುದಮ್ಮ ಎಂದು ಕೇಳಿದರು.

ಕೆಳಗಿನವರು ಎಂಬ ಮಾತು ಕೇಳಿ ಕೇಳಿ ನನ್ನ ಕಿವಿ ದಡ್ಡುಗಟ್ಟಿತ್ತು. ಅದನ್ನು ಇನ್ನೊಂದು ಜೀವಕ್ಕೆ ನನ್ನ ಬಾಯಿಂದ ಅನ್ನಲಾಗಲಿಲ್ಲ.

"ಯಾವುದೂ ಇಲ್ರಿ ಸರ್," ಅಂದೆ. "ಸ್ಪಂಜು ಮೊದಲ ಬ್ಯಾರೆ ಆದ ಕವಲು ಅಷ್ಟರಿ. ಪಟ ತಪ್ಪೈತಿ."

ಹಿರಿಯರು ನಕ್ಕು ಮುಂದೆ ಹೋದರು. ಮುಖ್ಯಸ್ಥರು ನಗಲಿಲ್ಲ. ಮರುದಿನ ಕರೆಸಿ, ತಪ್ಪು ಹೇಳಿದೆ ಎಂದು ತರಗತಿಯೆದುರು ಒಪ್ಪಿಕೊಳ್ಳಬೇಕು, ಇಲ್ಲದಿದ್ದರೆ ಆಂತರಿಕ ಅಂಕ ತಮ್ಮ ಕೈಯಲ್ಲಿದೆ ಎಂದರು. ಆ ಅಂಕ ಹೋದರೆ ಎಂಎಸ್ಸಿ ಸೀಟು ಹೋಯಿತು. ಸೀಟು ಹೋದರೆ ದುಂಡಸಿಯ ವರ ಕಾಯುತ್ತಿದ್ದ; ಅಪ್ಪ ಆಗಲೇ ಮಾತು ಕೊಡುವ ಹಂತದಲ್ಲಿದ್ದ.

ಪ್ರಯೋಗಾಲಯದಲ್ಲಿ ಮೇಡಂ ಒಬ್ಬರೇ ಸೂಕ್ಷ್ಮದರ್ಶಕದ ಗಾಜಿನ ಪಟ್ಟಿ ತೊಳೆಯುತ್ತಿದ್ದರು. ಅವರು ಬೆನ್ನು ತಟ್ಟುತ್ತಾರೆ ಎಂದುಕೊಂಡು ಹೋಗಿದ್ದೆ.

"ಒಪ್ಪಿಕೊಂಡು ಬಿಡು," ಅಂದರು ಮೇಡಂ. "ನಿನಗ ಮುಂದ ಹೋಗೋದದ. ಜಗಳ ನಂದು, ನಾ ನೋಡ್ಕೋತೇನಿ."

"ನೀವು ಒಪ್ಪಿಕೋತಿದ್ರೇನ್ರಿ?"

"ನನ್ನ ಮನಿಯಾಗ ಅನ್ನಕ್ಕ ಕಡಿಮಿ ಇಲ್ಲ, ತಂಗಿ. ನಿನ್ನ ಮನಿಯಾಗ ಅದ."

ಆ ಮಾತು ಚುಚ್ಚಿತು, ನಿಜವಾಗಿದ್ದಕ್ಕೆ. ಅನ್ನ ಕಡಿಮೆ ಇದ್ದವರು ಸುಳ್ಳು ಒಪ್ಪಿಕೊಳ್ಳಬೇಕು ಅನ್ನುವುದಾದರೆ ಪಟ ನೆಟ್ಟಗೇ ಇರಲಿ ಬಿಡ್ರಿ ಎಂದು ಹೇಳಿ ಹೊರಬಂದೆ. ಅವರ ಮಾತು ಮೀರಿದ್ದು ಅದೊಂದೇ ಸಲ.

ಅಂಕ ಹೋಯಿತು, ಸೀಟೂ ಹೋಯಿತು. ಮುಂದಿನ ವರ್ಷ ಮೇಡಂಗೆ ಕರೆ ಬರಲಿಲ್ಲ. ಅವರು ಸವಣೂರಿಗೆ ಹೋಗಿ ಮಕ್ಕಳಿಗೆ ಟ್ಯೂಷನ್ ಹೇಳತೊಡಗಿದರು. ನಾನು ಅವ್ವನ ಜೊತೆ ಬೀಜದ ಹತ್ತಿ ಹೊಲದಲ್ಲಿ ಕ್ರಾಸಿಂಗ್‌ಗೆ ಹೋದೆ, ಬೆಳಿಗ್ಗೆಯೆಲ್ಲ ಹೂವಿಗೆ ಹೂ ಮುಟ್ಟಿಸುವ ಕೆಲಸ. ಒಂದು ವರ್ಷ ಕೊಡು, ಆಮೇಲೆ ನೀ ಹೇಳಿದಂತೆ ಕೇಳುತ್ತೇನೆ ಎಂದು ಅಪ್ಪನನ್ನು ಕಾಡಿದೆ. ಅವ್ವ ನನ್ನ ಕಡೆ ನಿಂತಳು. ಮೇಡಂ ಸವಣೂರಿನಿಂದ ಹಳೆಯ ಪುಸ್ತಕಗಳನ್ನು ಬಸ್ಸಿನಲ್ಲಿ ಕಳಿಸಿದರು. ಮರುವರ್ಷ ಪ್ರವೇಶ ಪರೀಕ್ಷೆಯಲ್ಲಿ ಹೋದ ಅಂಕದ ಕೊರತೆ ತುಂಬಿ ಸೀಟು ತೆಗೆದುಕೊಂಡೆ.

ಮೇಡಂಗೆ ಫೋನ್ ಮಾಡಿ ತಿಳಿಸಿದೆ.

"ನನ್ನ ಮಾತು ಕೇಳಿದ್ರ ಹೋದ ವರ್ಷನ ಸಿಗತಿತ್ತು."

"ಹೌದ್ರಿ ಮೇಡಂ."

"ಕೇಳಲಿಲ್ಲ ನೀ. ಚಲೋ ಮಾಡಿದಿ."

ಹೋದ ಶ್ರಾವಣದಲ್ಲಿ ಮೇಡಂ ತೀರಿಕೊಂಡರು. ಕಡೆಯ ಸಲ ನೋಡಿದಾಗಲೂ ಹೊಸದೇನು ಓದಿದೆ ಎಂದೇ ಕೇಳಿದ್ದರು, ನನಗೆ ಕೆಲಸ ಕಾಯಂ ಆಯಿತೇ ಎಂದು ಕೇಳಲಿಲ್ಲ. ಆಗಿಲ್ಲ. ನಾನೀಗ ಶಿಗ್ಗಾವಿಯಲ್ಲಿ ಅತಿಥಿ ಉಪನ್ಯಾಸಕಿ. ಕೆಳಮಟ್ಟದ ಪ್ರಾಣಿ ಎಂದು ಬರೆದ ಹುಡುಗರಿಂದ ಆ ಪದ ಹೊಡೆಸಿ, ಸರಿಯಾದದ್ದನ್ನು ಬರೆಸಿ, ಆಮೇಲೆ ಅಂಕ ಹಾಕುತ್ತೇನೆ. ಪಠ್ಯ ಬಿಟ್ಟು ಪಾಠ ಮಾಡುತ್ತಾಳೆ ಎಂದು ದೂರು ಹೋಗಿದೆ. ಹೀಗಾದರೆ ಮುಂದಿನ ವರ್ಷ ಕರೆಯುವುದು ಕಷ್ಟವೆಂದು ನಿನ್ನೆ ಪ್ರಾಂಶುಪಾಲರು ಹೇಳಿ ಕಳಿಸಿದ್ದಾರೆ.

ಮುಂದಿನ ವರ್ಷದ ಮಾತು ಮುಂದಿನ ವರ್ಷ. ನಾಳೆ ಮೊದಲ ಪೀರಿಯಡ್ ಸ್ಪಂಜಿನ ಪಾಠವಿದೆ.