ಸವೆಯದ ಫ್ರೆಟ್‌ಗಳು

ಗೆಳೆಯರೇ, ಹದಿನೈದು ವರ್ಷ ಆರ್ಕೆಸ್ಟ್ರಾಗಳಲ್ಲಿ ಬಾರಿಸಿದ ನನ್ನ ಎಲೆಕ್ಟ್ರಿಕ್ ಗಿಟಾರನ್ನು ಇವತ್ತು ನರಸೀಪುರದ ಮರಗೆಲಸದ ಸಿದ್ದಾಚಾರ್ರ ಮುಂದಿಟ್ಟೆ. ಗಿಟಾರಿನ ಕತ್ತಿನ ಮೇಲೆ ಅಡ್ಡಡ್ಡ ಕೂರಿಸಿರುವ ಲೋಹದ ಕಂಬಿಗಳು, ಅಂದರೆ ಫ್ರೆಟ್‌ಗಳು, ಸವೆದು ತಂತಿ ಜರ್ ಎನ್ನುತ್ತಿತ್ತು. ನಾಳೆಯೇ ಮೂಗೂರಿನಲ್ಲಿ ಆರತಕ್ಷತೆಯ ಕಾರ್ಯಕ್ರಮ.

ಅವರು ಕತ್ತಿನುದ್ದಕ್ಕೂ ಬೆರಳಾಡಿಸಿದರು. "ಸವೆದಿರೋದು ತಲೆ ಕಡೆ ನಾಕೇ ಸಾ. ಈ ತುದೀವು ಹೊಸಾವಾಗೇ ಅವೆ. ಈ ಕಡೀಕೆ ನೀವು ಬಂದೇ ಇಲ್ವಾ?"

"ಅದು ಒಬ್ಬರೇ ಮುಂದೆ ನಿಂತು ಸೋಲೋ ಬಾರಿಸೋರ ಜಾಗ ಆಚಾರ್ರೇ, ನಂದು ಬರೀ ಹಿಮ್ಮೇಳ" ಎಂದೆ, ಮೆಲ್ಲಗೆ.

"ಅಂಗಾರೆ ಇವನ್ನೇ ಕಿತ್ತು ಅಲ್ಲಿಗೆ ಬಡೀತೀನಿ ಬುಡಿ."

ಬಡಿದೇ ಬಿಟ್ಟರು; ಸೋಲೋದ ತುದಿ ಈಗ ಬೋಳು. ಗಿಟಾರ್ ಈಗ ಸೊಗಸಾಗಿ ನುಡಿಯುತ್ತಿದೆ. ನಾಳೆ ಯಾರಾದರೂ ಸೋಲೋ ಕೇಳಿದರೆ, ಬರುವುದಿಲ್ಲ ಎಂದು ಒಪ್ಪಿಕೊಳ್ಳಬೇಕಾಗಿಲ್ಲ. ಮುಂದೆ ರೋಡು ಕಿತ್ತಾಕವ್ರೆ ಅಂದರಾಯಿತು.