ಅತ್ತೆ ಸತ್ತ ವಾರ

ಗಂಗಾಂಬಿಕಾ ಬರೆಯುತ್ತಿದ್ದುದು ಮಿಲ್ಲಿನ ಸದ್ದಿನ ಜೊತೆಗೆ. ಕಂಪ್ಲಿಯ ಆ ಮನೆಯ ಹಿತ್ತಿಲಿಗೇ ಅಕ್ಕಿ ಮಿಲ್ಲು ಅಂಟಿಕೊಂಡಿತ್ತು. ಮಧ್ಯಾಹ್ನ ಉಂಡೆದ್ದ ಗಂಡ ವಿರೂಪಾಕ್ಷಪ್ಪ ಅತ್ತ ಮಿಲ್ಲು ಶುರುಮಾಡಿದರೆ ಇತ್ತ ಅವಳ ಪೆನ್ನು ಓಡುತ್ತಿತ್ತು. ಕರೆಂಟು ಹೋದರೆ ಎರಡೂ ನಿಲ್ಲುತ್ತಿದ್ದವು.

ಕಮಲಾಪುರದ ಬಾಳೆತೋಟದಿಂದ ಸೊಸೆಯಾಗಿ ಬಂದಾಗ ಅವಳಿಗೆ ಗೊತ್ತಿದ್ದುದು ನಾಲ್ಕು ಸಾಲಿನ ಪದ್ಯ ಮಾತ್ರ. ಕಾದಂಬರಿ ಬಂದದ್ದು ಅತ್ತೆಯ ಬಾಯಿಂದ. ಬೆಳಿಗ್ಗೆ ಇಬ್ಬರೂ ಪಡಸಾಲೆಯಲ್ಲಿ ಮೊರ ಹಿಡಿದು ಅಕ್ಕಿಯ ಕಲ್ಲು ಆರಿಸುವಾಗ ಚೆನ್ನಬಸಮ್ಮ ಒಂದು ಎಮ್ಮೆಯ ಕತೆ ಎತ್ತಿದರೆ ಅದರೊಳಗೆ ಎರಡು ಮದುವೆ, ಒಂದು ಜಗಳ ನಡೆದುಹೋಗುತ್ತಿದ್ದವು. ಅವೆಲ್ಲ ವಾರಪತ್ರಿಕೆಯ ಧಾರಾವಾಹಿಗೆ ಬಂದವು. ತಪ್ಪಿಸಿಕೊಂಡ ಎಮ್ಮೆ ಬಂತು, ಅದಿರು ಹೊತ್ತು ಸಂಡೂರು ಘಾಟಿನಲ್ಲಿ ಪಲ್ಟಿಯಾದ ಮೈದುನ ತಿಪ್ಪೇಶನ ಲಾರಿಯೂ ಬಂತು. ನೆಂಟರಿಷ್ಟರು ಅದನ್ನು ಕತೆಯೆಂದು ಓದುತ್ತಿರಲಿಲ್ಲ. ಕಂಪ್ಲಿ ಮನೆಯ ಸುದ್ದಿಯೆಂದೇ ಓದುತ್ತಿದ್ದರು. ಅಕ್ಷರ ಬಾರದ ಚೆನ್ನಬಸಮ್ಮ ಪ್ರತಿ ವಾರ ಸೊಸೆಯಿಂದ ಓದಿಸಿಕೊಂಡು, "ಅಯ್ಯ, ಇದನ್ನೂ ಹಾಕಿಯೇನ!" ಎಂದು ನಗುತ್ತಿದ್ದರು.

ಆ ಚಳಿಗಾಲದಲ್ಲಿ ಜ್ವರ ಏರಿ ಅವರನ್ನು ಹೊಸಪೇಟೆಯ ಆಸ್ಪತ್ರೆಗೆ ಸೇರಿಸಬೇಕಾಯಿತು. ಜ್ವರದ ಮಬ್ಬಿನಲ್ಲಿ ಅವರು ಕೇಳಿದ್ದು ಒಂದೇ ಮಾತು: "ಸಿದ್ದ ಬಂದನೇನ?" ಸಿದ್ದ ಎಂದರೆ ಸಂಡೂರಿನಲ್ಲಿದ್ದ ಅವರ ತಮ್ಮ ಮರುಳಸಿದ್ದಪ್ಪ. ಹೊಲವನ್ನು ಅದಿರು ಸುರಿಯಲು ಬಾಡಿಗೆಗೆ ಕೊಟ್ಟು ಜೀಪು ಕೊಂಡಮೇಲೆ ಅವನಿಗೆ ನಾಗರ ಪಂಚಮಿಗೆ ಅಕ್ಕನನ್ನು ತವರಿಗೆ ಕರೆಯಲು ಬರುವುದಕ್ಕೂ ಪುರುಸೊತ್ತಿರಲಿಲ್ಲ. ವಿರೂಪಾಕ್ಷಪ್ಪ ಆ ಸಿಟ್ಟಿಗೆ ಅವನಿಗೆ ಸುದ್ದಿ ಮುಟ್ಟಿಸಲೇ ಇಲ್ಲ.

ಅತ್ತೆ ಚೇತರಿಸಿಕೊಂಡು ಮನೆಗೆ ಬಂದರೂ ಗಂಗಾಂಬಿಕಾಳ ಎದೆಯ ಪುಕಪುಕಿ ಹೋಗಲಿಲ್ಲ. ಅದನ್ನು ಇಳಿಸಲೆಂದೇ ಧಾರಾವಾಹಿಯಲ್ಲಿ ಅತ್ತೆಯನ್ನೇ ಹೋಲುವ ಮುದುಕಿಯನ್ನು ಸಾಯಿಸಿದಳು. ಕತೆಯ ಮುದುಕಿ ಹೊಸ್ತಿಲು ನೋಡುತ್ತಲೇ ಕಣ್ಣು ಮುಚ್ಚಿದಳು. ಮಗ ಅವಳ ತಮ್ಮನಿಗೆ ಹೇಳಿಯೂ ಕಳಿಸಲಿಲ್ಲ. ಆದರೆ ಪತ್ರಿಕೆ ಕೈಗೆ ಬಂದಾಗ ಅದನ್ನು ಅತ್ತೆಗೆ ಓದಿ ಹೇಳಬೇಕಲ್ಲ ಎಂಬುದು ಹೊಳೆಯಿತು. ಬದುಕಿರುವಾಗಲೇ ಸೊಸೆ ಸಾಯಿಸಿದಳೆಂದು ಅತ್ತೆ ನೊಂದುಕೊಂಡರೆ? ಮೊರದ ಮುಂದಿನ ಆ ಮಾತೇ ನಿಂತುಹೋದರೆ? ಪತ್ರಿಕೆಯನ್ನು ಅಕ್ಕಿ ಡಬ್ಬಿಯ ಹಿಂದೆ ತುರುಕಿ, "ಈ ವಾರ ಬಂದಿಲ್ರಿ ಅತ್ತಿ," ಎಂದುಬಿಟ್ಟಳು.

ಮರುದಿನ ಬಾಗಿಲಲ್ಲಿ ಕೆಂಧೂಳು ಮೆತ್ತಿದ ಜೀಪು ನಿಂತಿತು. ಇಳಿದವಳು ಮರುಳಸಿದ್ದಪ್ಪನ ಹೆಂಡತಿ. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಕಂಕುಳಲ್ಲಿ ಬುತ್ತಿ. ಓಣಿಯಿಂದಲೇ ರಾಗ ತೆಗೆದಳು:

"ಎಲ್ಲಿಗ್ಹೋದ್ಯವ್ವಾ ನಮ್ಮಕ್ಕಾ... ಕೇಳೋಕ್ ಮುಂಚೆ ಕೊಡೋ ಕೈಯವ್ವಾ..."

ಗಂಗಾಂಬಿಕಾ ಕಂಬಕ್ಕೆ ಆತು ನಿಂತಳು. ಅಡುಗೆಮನೆಯಿಂದ ಹಿಟ್ಟಿನ ಕೈಯಲ್ಲೇ ಚೆನ್ನಬಸಮ್ಮ ಹೊರಬಂದರು.

"ಯಾರು ಹೋದ್ರೇ ತಂಗಿ?"

ರಾಗ ಅರ್ಧಕ್ಕೇ ನಿಂತಿತು. ಹಿಂದೆ ಬರುತ್ತಿದ್ದ ಮರುಳಸಿದ್ದಪ್ಪ ಕಟ್ಟೆಯ ಮೇಲೆ ಕುಸಿದು ಕೂತ. "ಅಕ್ಕಾ... ನೀನು ಸತ್ತೀ ಅಂತ ನಮ್ಮ ಮಗಳು ಕಾವ್ಯ ಪತ್ರಿಕ್ಯಾಗ ಓದಿ ಹೇಳಿದ್ಲು. ಹೇಳಿನೂ ಕಳಿಸಲಿಲ್ಲ ಅಂತ ಬರದಿತ್ತು..."

"ಒಂದ್ ಫೋನ್ ಮಾಡೋದಲ್ಲೇನ್ ಮಾವ?" ಗಂಗಾಂಬಿಕಾಳ ಬಾಯಿಂದ ಹೊರಬಿತ್ತು.

"ಸಾವಿಗೆ ಯಾರಾರ ಫೋನ್ ಮಾಡಿ ಖರೇನಾ ಅಂತ ಕೇಳ್ತಾರೇನ್ ಗಂಗವ್ವ? ಲಾರಿ ಬಿದ್ದದ್ದು ಖರೇ ಇತ್ತು. ಎಮ್ಮಿ ಹೋದದ್ದು ಖರೇ ಇತ್ತು. ಇದೂ..." ಅವನು ಟವೆಲಿನಲ್ಲಿ ಮುಖ ಮುಚ್ಚಿಕೊಂಡು ಅತ್ತ.

ಚೆನ್ನಬಸಮ್ಮ ಸೊಸೆಯ ಕಡೆ ಒಮ್ಮೆ ನೋಡಿದರು. ತಮ್ಮನ ಪಕ್ಕ ಕೂತು ಅವನ ಬೆನ್ನಿಗೆ ಹಿಟ್ಟಿನ ಕೈಯಿಂದಲೇ ಒಂದು ಗುದ್ದು ಕೊಟ್ಟರು. "ಸತ್ರ ಬರ್ತೀ ಅಂತ ಗೊತ್ತಿದ್ರ ಯಾವಾಗೋ ಸಾಯ್ತಿದ್ನಲ್ಲೋ ಲೇ! ಏಳು, ಕೈಕಾಲು ತೊಳಕೋ. ಬುತ್ತ್ಯಾಗ ಏನ್ ತಂದಿಯೇ ತಂಗಿ?"

"ರೊಟ್ಟಿ, ಪುಂಡಿಪಲ್ಯ..."

"ಹಾಕು. ನನ್ನ ಸಾವಿನ ಬುತ್ತಿ ನಾನೂ ಒಂಚೂರು ಉಣ್ತೀನಿ. ಉಪ್ಪು ಸರಿಯಾಗಿ ಐತೋ ಇಲ್ಲೋ."

ಸಂಜೆ ಹೊರಡುವಾಗ ಮರುಳಸಿದ್ದಪ್ಪ ಅಕ್ಕನ ಕಾಲು ಮುಟ್ಟಿ, ಪಂಚಮಿಗೆ ತಾನೇ ಬರುತ್ತೇನೆಂದ.

ಮಾರನೆಯ ಬೆಳಿಗ್ಗೆ ಮೊರದ ಮುಂದೆ ಮಾತಿರಲಿಲ್ಲ. ಕಲ್ಲು ತಟ್ಟೆಗೆ ಬೀಳುವ ಸದ್ದಷ್ಟೇ. ಗಂಗಾಂಬಿಕಾಳಿಗೆ ತಡೆಯಲಾಗಲಿಲ್ಲ.

"ಸಾಯಿಸಿದ್ದಕ್ಕ ಸಿಟ್ಟು ಬಂತೇನ್ರಿ ಅತ್ತಿ?"

"ಸಾಯಿಸಿದ್ದಕ್ಕಲ್ಲವ್ವ. ಈ ವಾರ ಬಂದಿಲ್ಲ ಅಂದ್ಯಲ್ಲ, ಅದಕ್ಕ. ತಗೊಂಡು ಬಾ, ಓದು."

ಅವಳು ಡಬ್ಬಿಯ ಹಿಂದಿನಿಂದ ಪತ್ರಿಕೆ ತೆಗೆದು ಓದಿದಳು. ಮುದುಕಿ ಹೊಸ್ತಿಲು ನೋಡುವಲ್ಲಿ ಒಂದೇ ಸಾಲನ್ನು ಎರಡು ಸಲ ಓದಿದಳು. ಚೆನ್ನಬಸಮ್ಮ ಸೆರಗಿನಿಂದ ಮೂಗು ಒರೆಸಿಕೊಂಡರು.

"ಚೊಲೋ ಸತ್ತೀನಿ," ಎಂದರು. ಮತ್ತೆ ಮೊರ ಎತ್ತಿಕೊಂಡು, "ಹೌದೂ, ಕತ್ಯಾಗಿನ ಆ ಸೊಸಿಗೆ ಇನ್ನ ಕತಿ ಹೇಳೋರು ಯಾರು?"

"ಅದ ತಿಳೀವಲ್ದ್ರಿ ಅತ್ತಿ. ಮುಂದಿನ ವಾರಕ್ಕ ಒಂದಕ್ಷರ ಬರದಿಲ್ಲ."

"ಅಷ್ಟ ಅಲ್ಲೇನ? ನಮ್ಮತ್ತಿ ಸತ್ತ ಮ್ಯಾಲೆ ಅಕಿ ಮಾತು ನನ್ನ ಬಾಯಾಗ ಬರಾಕತ್ತಿತ್ತು, ನನಗ ಗೊತ್ತಿಲ್ಲದಂಗ. ಆ ಸೊಸಿಗೂ ಹಂಗ ಬರ್ತಾವ ತಗೋ. ಹೊಳೀಗೆ ನೀರು ಬಂದ ವರ್ಷ ಏನಾತಂದ್ರ..."

ಅಂದು ಬೆಳಿಗ್ಗೆಯೇ ಹಿತ್ತಿಲಲ್ಲಿ ಮಿಲ್ಲು ಶುರುವಾಯಿತು. ಅತ್ತೆ ದನಿ ಏರಿಸಿದರು, ಸೊಸೆ ಮೊರ ಬಿಟ್ಟು ಹತ್ತಿರ ಸರಿದಳು.